ಸಮುದ್ರ ದಾಟಿದರೂ 'ನೀವು ಯಾವ ಪೈಕಿ?'

ನಮ್ಮ ಹಾಸ್ಟೆಲ್ಲಿನ ಹುಡುಗನೊಬ್ಬನಿಗೆ ಲಂಡನ್ನಿನಲ್ಲಿ ಓದಲು ಸೀಟು ಸಿಕ್ಕಿದಾಗ ನಾವೆಲ್ಲ ಸೇರಿ ಹಾರ ಹಾಕಿದೆವು. ಬಾಬಾಸಾಹೇಬರ ಪಟದ ಕೆಳಗೆ ನಿಲ್ಲಿಸಿ ಫೋಟೋ ತೆಗೆಸಿದೆವು. ನಮ್ಮಲ್ಲಿ ನಾಲ್ಕು ಜನ ಭಾಷಣ ಮಾಡಿದರು. ಅದರಲ್ಲಿ ಮೂವರು ಒಂದೇ ಮಾತು ಆಡಿದರು: ಇನ್ನು ಇವನನ್ನು ಯಾರೂ ಜಾತಿ ಕೇಳೋದಿಲ್ಲ. ಅವನು ವಿಮಾನ ಹತ್ತಿದ. ಇಳಿದ ಮೇಲೆ ರಾತ್ರಿ ಎಲ್ಲಿ ಮಲಗ್ತಾನೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಊರಲ್ಲಿ ಅವನ ಅವ್ವ ಮಾತ್ರ ಕೇಳಿದ್ದಳು, 'ಮಲಗಾಕೆ ಜಾಗ ಐತೇನ್ರಪ್ಪ ಅಲ್ಲಿ?' ಅಂತ. 'ಎಲ್ಲ ಐತೆ ಕಣವ್ವ' ಅಂದಿದ್ದು ನಾವೇ.

ಇರಲಿಲ್ಲ.

ಇದು 2025ರ ಸೆಪ್ಟೆಂಬರಿನ ಮಾತು. ಸ್ಕಾಲರ್‌ಶಿಪ್ಪಿನ ಆದೇಶ ಕೈಗೆ ಬರೋ ಹೊತ್ತಿಗೆ ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಅರ್ಜಿ ಹಾಕುವ ದಿನ ದಾಟಿಹೋಗಿತ್ತು. ಹನ್ನೆರಡು ಜನ ಮಲಗುವ ಒಂದು ಕೋಣೆಯಲ್ಲಿ, ಮೇಲೊಂದು ಕೆಳಗೊಂದು ಮಂಚದಲ್ಲಿ, ರಾತ್ರಿಗಿಷ್ಟು ಅಂತ ಬಾಡಿಗೆ ಕೊಟ್ಟು ಮಲಗಿದ. ಸರ್ಟಿಫಿಕೇಟುಗಳ ಫೈಲನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು. ಹಗಲೆಲ್ಲ ಕೋಣೆ ಹುಡುಕೋದು. ಕ್ಲಾಸು ಶುರುವಾದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಲಂಡನ್ನಿನಲ್ಲಿ ಬಾಡಿಗೆ ಹಿಡಿಯೋ ರೀತಿ ನಮ್ಮ ಬೆಂಗಳೂರಿನ ಹಾಗಲ್ಲ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ನಮ್ಮನ್ನು ಬಾಗಿಲಲ್ಲೇ ಸುಟ್ಟುಬಿಡ್ತಾರೆ. ಅಲ್ಲಿ ಅಡ್ವಾನ್ಸಿಗೆ ಮಿತಿ ಇದೆ. 2019ರ ಕಾಯ್ದೆ ಪ್ರಕಾರ ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವ ಹಾಗಿಲ್ಲ. ಕೋಣೆಯನ್ನು ಬೇರೆಯವರಿಗೆ ಕೊಡದೆ ಹಿಡಿದಿಡಲು ಒಂದು ವಾರದ ಬಾಡಿಗೆ, ಅಷ್ಟೆ. ತಗೊಂಡ ಠೇವಣಿಯನ್ನು ಮನೆಯವನು ಜೇಬಿಗೆ ಹಾಕಿಕೊಳ್ಳುವ ಹಾಗೂ ಇಲ್ಲ, ಸರ್ಕಾರ ಒಪ್ಪಿದ ಠೇವಣಿ ರಕ್ಷಣೆಯ ಯೋಜನೆಯೊಂದರಲ್ಲಿ 30 ದಿನದೊಳಗೆ ನೋಂದಾಯಿಸಬೇಕು. ತಪ್ಪಿದರೆ ಬಾಡಿಗೆದಾರ ಕೋರ್ಟಿಗೆ ಹೋಗಿ ಠೇವಣಿಯ ಮೂರು ಪಟ್ಟಿನವರೆಗೆ ವಸೂಲು ಮಾಡಬಹುದು. ಇದನ್ನೆಲ್ಲ ಓದಿದಾಗ ನಮಗೂ 'ಆಹಾ' ಅನ್ನಿಸಿತು. ಆದರೆ ಗೇಟು ಬೇರೆ ಕಡೆ ಇದೆ.

ಮೊದಲನೇ ಗೇಟು, ಜಾಮೀನು. ಬ್ರಿಟನ್ನಿನಲ್ಲೇ ಇರುವ, ಸಂಬಳ ಬರುವ, ಆದರೆ ಸ್ವಂತ ಮನೆಯೂ ಇರುವ ಒಬ್ಬರು 'ಈ ಹುಡುಗ ಬಾಡಿಗೆ ಕೊಡದಿದ್ದರೆ ನಾನು ಕೊಡ್ತೀನಿ' ಅಂತ ಸಹಿ ಹಾಕಬೇಕು. ಮೇಲ್ಜಾತಿ ಹುಡುಗನಿಗೆ ಅಲ್ಲೊಬ್ಬ ಸೋದರಮಾವ ಇರ್ತಾನೆ, ಇಲ್ಲದಿದ್ದರೆ ಅಪ್ಪನ ಕಾಲೇಜಿನ ಗೆಳೆಯ ಇರ್ತಾನೆ. ನಮ್ಮ ಹುಡುಗನ ಸೋದರಮಾವ ಊರಲ್ಲಿ ಗಾರೆ ಕೆಲಸ ಮಾಡ್ತಾನೆ. ಜಾಮೀನು ಇಲ್ಲ ಅಂದರೆ ಆರು ತಿಂಗಳ ಬಾಡಿಗೆ ಒಟ್ಟಿಗೆ ಇಡು ಅನ್ನೋದು ಆಗ ಅಲ್ಲಿನ ಏಜೆಂಟರ ರೂಢಿಯಾಗಿತ್ತು. ಠೇವಣಿಗೆ ಕಾಯ್ದೆ ಬಾಗಿಲು ಹಾಕಿದ್ದರೆ ಇವರು ಕಿಟಕಿಯಿಂದ ಕೈ ಚಾಚಿದ್ದರು. 2025ರಲ್ಲಿ ಬಾಡಿಗೆದಾರರ ಹಕ್ಕಿನ ಹೊಸ ಕಾಯ್ದೆ ಆಗಿದೆ. 2026ರ ಮೇ 1ರಿಂದ ಒಂದು ತಿಂಗಳಿಗಿಂತ ಹೆಚ್ಚಿನ ಮುಂಗಡ ಬಾಡಿಗೆ ಕೇಳಬಾರದು, ಕಾರಣ ಕೊಡದೆ ಬಿಡಿಸಬಾರದು ಅಂತ ಅದರ ನಿಯಮ. ಒಳ್ಳೇದೇ. ಆದರೆ ಜಾಮೀನು ಕೇಳೋದನ್ನು ಅದು ತೆಗೆದುಹಾಕಿಲ್ಲ. ಸೋದರಮಾವ ಇಲ್ಲದವನ ಕಷ್ಟ ಹಾಗೇ ಉಳಿಯಿತು.

ಎರಡನೇ ಗೇಟು, ಕಾಗದ. 2014ರ ವಲಸೆ ಕಾಯ್ದೆ ತಂದು, 2016ರ ಫೆಬ್ರವರಿಯಿಂದ ಇಡೀ ಇಂಗ್ಲೆಂಡಿನಲ್ಲಿ ಮನೆ ಮಾಲೀಕರನ್ನೇ ಪೊಲೀಸರನ್ನಾಗಿ ಮಾಡಿದ್ದಾರೆ. ಬಾಡಿಗೆಗೆ ಬರುವವನಿಗೆ ಆ ದೇಶದಲ್ಲಿ ಇರಲು ಹಕ್ಕಿದೆಯೇ ಅಂತ ಮಾಲೀಕ ಪರೀಕ್ಷೆ ಮಾಡಬೇಕು, ತಪ್ಪಿದರೆ ದಂಡ. ಸುಮ್ಮನೆ ಯಾಕೆ ತಲೆನೋವು ಅಂತ ಅವನು ಕಪ್ಪು ಚರ್ಮ, ಕಂದು ಚರ್ಮ, ಬಾಯಿಗೆ ಬಾರದ ಹೆಸರು ಕಂಡರೆ ಮುಂದಿನವನಿಗೆ ಕೊಡ್ತಾನೆ. ಇದು ಜನಾಂಗಭೇದಕ್ಕೆ ದಾರಿ ಮಾಡಿದೆ ಅಂತ 2019ರಲ್ಲಿ ಅಲ್ಲಿನ ಹೈಕೋರ್ಟೇ ಹೇಳಿತು. 2020ರಲ್ಲಿ ಮೇಲಿನ ಕೋರ್ಟು, ಭೇದ ಆಗ್ತಿರೋದು ನಿಜ, ಆದರೂ ಕಾನೂನು ಇರಲಿ ಅಂತು. ಭೇದ ಆಗ್ತಿರೋದು ನಿಜ, ಆದರೂ ಇರಲಿ! ಈ ಮಾತನ್ನು ನಾವು ನಮ್ಮೂರ ಪಂಚಾಯ್ತಿ ಕಟ್ಟೆಯಲ್ಲೂ ಕೇಳಿದ್ದೇವೆ.

ಬಿಳಿಯರ ಬಾಗಿಲು ಹೀಗಾದ ಮೇಲೆ ಹುಡುಗ ನಮ್ಮ ದೇಶದವರ ಮನೆಗಳ ಕಡೆ ತಿರುಗಿದ. ಮನೆಯವರು ಒಂದು ಕೋಣೆ ಕೊಟ್ಟು ತಾವೂ ಅಲ್ಲೇ ಇರೋದು, ಜಾಮೀನು ಬೇಡ, ಏಜೆಂಟ್ ಬೇಡ. ಮೊದಲನೇ ಮನೆಯಲ್ಲಿ ಫೋನಿನಲ್ಲಿ 'ಬೇಟಾ ಬೇಟಾ' ಅಂತಲೇ ಮಾತಾಡಿದ ಆಯಮ್ಮ, ಪೂರ್ತಿ ಹೆಸರು ಕೇಳಿದಳು, ಅಪ್ಪನ ಹೆಸರು ಕೇಳಿದಳು, ಅಪ್ಪ ಏನು ಮಾಡ್ತಾರೆ ಅಂತ ಕೇಳಿದಳು. ಆಮೇಲೆ, ಅಯ್ಯೋ ಬೆಳಿಗ್ಗೇನೇ ಯಾರೋ ಹಿಡಿದುಬಿಟ್ಟರು ಅಂದಳು. ಜಾಹೀರಾತು ಮತ್ತೂ ಒಂಬತ್ತು ದಿನ ಹಾಗೇ ಇತ್ತು.

ಎರಡನೇದು ಕನ್ನಡದವರ ಮನೆ. ನಮ್ಮ ಹುಡುಗ ಖುಷಿಯಾಗಿ ಹೋದ. ಕಾಫಿ ಕೊಟ್ಟರು. 'ಯಾವೂರಪ್ಪಾ?' ಅಂದರು, ಹೇಳಿದ. ಆ ಕಡೆ ನಮ್ಮ ನೆಂಟರೂ ಇದ್ದಾರೆ ಅಂದರು. ಮನೇಲಿ ಮೊಟ್ಟೆ ಕೂಡ ಬೇಯಿಸೋ ಹಾಗಿಲ್ಲ ಅಂದರು, ಆಯ್ತು ಅಂದ. ಕಡೆಗೆ ಆ ಯಜಮಾನರು ನಗ್ತಾ 'ನೀವು ನಮ್ಮೋರೇ ತಾನೇ?' ಅಂದರು. ಹುಡುಗ 'ಹೌದು ಸಾರ್' ಅಂದ.

ಕೋಣೆ ಸಿಕ್ಕಿತು.

ಆ ರಾತ್ರಿ ಅವನು ನಮಗೆ ಫೋನ್ ಮಾಡಿದ. 'ಅಣ್ಣಾ, ಕನ್ನಡದೋರು ಅನ್ನೋ ಅರ್ಥದಲ್ಲಿ ಹೌದು ಅಂದೆ' ಅಂತ ಮೊದಲು ಹೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲಣ್ಣಾ, ಅವರು ಏನು ಕೇಳ್ತಾವ್ರೆ ಅಂತ ನಂಗೆ ಗೊತ್ತಿತ್ತು' ಅಂದ.

ಈ ಒಂದು 'ಹೌದು' ನಮ್ಮ ಹಾಸ್ಟೆಲ್ಲಿನಲ್ಲಿ ವಾರಗಟ್ಟಲೆ ಜಗಳಕ್ಕೆ ಕಾರಣವಾಗಿದೆ. ಅದಕ್ಕೇ ಈ ಲೇಖನ. ನಮ್ಮಲ್ಲಿ ಕೆಲವರು ಅವನನ್ನು ದ್ರೋಹಿ ಅಂದರು. ಜೈ ಭೀಮ್ ಅಂತ ಎದೆ ತಟ್ಟಿಕೊಂಡು ಹೋದವನು ಮೊದಲನೇ ತಿಂಗಳಲ್ಲೇ ಮಂಡಿಯೂರಿದ ಅಂದರು. ಇನ್ನು ಕೆಲವರು, ಏನಾಯ್ತೀಗ, ಒಂದು ಸುಳ್ಳು ಹೇಳಿ ಓದು ಮುಗಿಸಿಕೊಂಡು ಬರಲಿ, ಎಲ್ಲರೂ ಹೇಳೋದೇ ತಾನೇ ಅಂದರು. ನಾವು ಈ ಎರಡೂ ಮಾತನ್ನು ಒಪ್ಪೋದಿಲ್ಲ.

ದ್ರೋಹಿ ಅನ್ನುವವರಿಗೆ ಒಂದು ಪ್ರಶ್ನೆ. 1917ರಲ್ಲಿ ಬರೋಡದಲ್ಲಿ ಏನಾಯಿತು ಗೊತ್ತೆ? ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡ ಸಂಸ್ಥಾನದ ನೌಕರಿಗೆ ಹೋದರು. ಇಡೀ ಊರಲ್ಲಿ ಇಳಿದುಕೊಳ್ಳಲು ಜಾಗ ಇಲ್ಲ. ಪಾರ್ಸಿಗಳ ಒಂದು ತಂಗುದಾಣ ಇತ್ತು. ಪಾರ್ಸಿಯಲ್ಲದವರಿಗೆ ಅಲ್ಲಿ ಜಾಗ ಇಲ್ಲ. ನೋಡಿಕೊಳ್ಳುವವನ ಜೊತೆ ಮಾತಾಡಿ, ದಿನಕ್ಕೆ ಒಂದೂವರೆ ರೂಪಾಯಿಗೆ, ಪಾರ್ಸಿ ಹೆಸರಿನಲ್ಲಿ ರಿಜಿಸ್ಟರಿಗೆ ಬರೆಸಿ ಅಲ್ಲಿ ಇದ್ದರು. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಪಾರ್ಸಿಗಳು ಬಂದು, ಸಂಜೆಯೊಳಗೆ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಗೆಳೆಯನ ಹತ್ತಿರ ಹೋದರು, ನೀನು ಬಂದರೆ ನನ್ನ ಮನೆ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಕ್ರೈಸ್ತನಾಗಿದ್ದ ಇನ್ನೊಬ್ಬ ಗೆಳೆಯನ ಹೆಂಡತಿಯ ಮಡಿ ಅಡ್ಡ ಬಂತು. ಬೊಂಬಾಯಿ ರೈಲು ಬರೋವರೆಗೆ ಐದು ಗಂಟೆ ಹೊತ್ತು ಪಾರ್ಕಿನಲ್ಲಿ ಕೂತರು. ಇದನ್ನು ಅವರೇ ಬರೆದಿದ್ದಾರೆ. ಆ ಬರಹದ ಹೆಸರು 'ವೇಯ್ಟಿಂಗ್ ಫಾರ್ ಎ ವೀಸಾ'. ಹೆಸರು ಗಮನಿಸಿ ಗೆಳೆಯರೇ, ಸ್ವಂತ ದೇಶದ ಒಳಗೆ ವೀಸಾ. ಅದೇ ಬರಹದಲ್ಲಿ ಅವರು ಇನ್ನೂ ಒಂದು ಮಾತು ಹೇಳ್ತಾರೆ, ಹೊರದೇಶದಲ್ಲಿದ್ದ ಅಷ್ಟು ವರ್ಷದಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮನಸ್ಸಿನಿಂದ ಅಳಿಸಿಹೋಗಿತ್ತು ಎಂದು.

ಇಲ್ಲಿ ನಾವು ನಿಲ್ಲಬೇಕು. ಅವರಿಗೆ ನ್ಯೂಯಾರ್ಕಿನಲ್ಲಿ ಮರೆತುಹೋದದ್ದು ನಮ್ಮ ಹುಡುಗನಿಗೆ ಲಂಡನ್ನಿನಲ್ಲಿ ನೆನಪಿಗೆ ಬಂತು. ಯಾಕೆ? 1913ರಲ್ಲಿ ಅವರು ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದಾಗ ಇದ್ದದ್ದು ವಿದ್ಯಾರ್ಥಿಗಳ ವಸತಿಯಲ್ಲಿ. ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ಅವರ ಜೊತೆಗಿದ್ದ ನವಲ್ ಭಥೇನ ಎಂಬ ಪಾರ್ಸಿ ಕಡೆಯವರೆಗೂ ಗೆಳೆಯರಾಗಿ ಉಳಿದರು. (ಒಬ್ಬ ಪಾರ್ಸಿ ಕೋಣೆ ಹಂಚಿಕೊಂಡ, ಹನ್ನೆರಡು ಪಾರ್ಸಿಗಳು ದೊಣ್ಣೆ ತಂದರು. ಜಾತಿ ರಕ್ತದಲ್ಲಿಲ್ಲ, ಜಾಗದಲ್ಲಿದೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕೆ?) ಲಂಡನ್ನಿನಲ್ಲಿ ಓದುವಾಗ ಅವರಿಗೆ ಸಿಕ್ಕ ಮನೆಯೊಡತಿ ಮಹಾ ಜಿಪುಣಿ, ಬೆಳಗಿನ ತಿಂಡಿಗೆ ಒಂದು ಚೂರು ಬ್ರೆಡ್ಡು, ಚೂರು ಮೀನು ಅಂತ ಧನಂಜಯ ಕೀರ್ ತಮ್ಮ ಜೀವನಚರಿತ್ರೆಯಲ್ಲಿ ಬರೆಯುತ್ತಾರೆ. ಜಿಪುಣಿಯೇ ಇರಲಿ, ನೀನು ಯಾವ ಪೈಕಿ ಅಂತ ಕೇಳುವ ಜ್ಞಾನ ಅವಳಿಗಿರಲಿಲ್ಲ. ಆ ಜ್ಞಾನ ಇರುವವರು ಆಮೇಲೆ ವಿಮಾನದಲ್ಲಿ ಹೋಗಿ, ಮನೆ ಕೊಂಡು, ಕೋಣೆಗಳನ್ನು ಬಾಡಿಗೆಗೆ ಬಿಟ್ಟಿದ್ದಾರೆ.

1921-22ರಲ್ಲಿ ಬಾಬಾಸಾಹೇಬರು ಇದ್ದ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರಿನ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡಿತು. ಅದನ್ನು ಸ್ಮಾರಕ ಮಾಡಲು ಅಲ್ಲಿನ ಕ್ಯಾಮ್ಡನ್ ಕೌನ್ಸಿಲ್ ಒಪ್ಪಲಿಲ್ಲ. ಮನೆಗಳ ಕೊರತೆ ಇರೋ ಊರಲ್ಲಿ ವಾಸದ ಮನೆಯೊಂದು ಕಡಿಮೆ ಆಗುತ್ತೆ ಅನ್ನೋದು ಅವರ ವಾದ, ಗದ್ದಲ ಆಗುತ್ತೆ ಅನ್ನೋದು ನೆರೆಯವರ ದೂರು. ವಿಚಾರಣೆ ನಡೆದು 2020ರಲ್ಲಿ ಮಂತ್ರಿಯ ಮಟ್ಟದಲ್ಲಿ ಅನುಮತಿ ಸಿಕ್ಕಿತು. ಅಲ್ಲಿಗೆ ಹೋಗಿ ಕೈ ಮುಗಿದು ಬರೋದು ನಮಗೂ ಇಷ್ಟವೇ. ಆದರೆ ನಮ್ಮದೊಂದು ಕೊಂಕು ಇದೆ, ಹೇಳಿಬಿಡ್ತೀವಿ: ಕೋಟಿಗಟ್ಟಲೆ ಕೊಟ್ಟು ಕೊಂಡ ಆ ಮನೆಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಹೊಸದಾಗಿ ಬಂದಿಳಿಯುವ ನಾಲ್ಕು ದಲಿತ ಹುಡುಗ ಹುಡುಗಿಯರಿಗೆ ಒಂದು ತಿಂಗಳು ಮಲಗಲು ಜಾಗ ಕೊಟ್ಟಿದ್ದರೆ ಕೌನ್ಸಿಲ್ಲಿನ ವಾದಕ್ಕೂ ಉತ್ತರವಾಗುತ್ತಿತ್ತು.

ಇನ್ನು 'ಸುಳ್ಳು ಹೇಳಿದರೆ ಏನಾಯ್ತೀಗ' ಅನ್ನುವವರಿಗೆ. ಪಾರ್ಸಿ ಹೆಸರು ಹನ್ನೊಂದು ದಿನ ನಡೆಯಿತು. ನಂತರ ಬಂದದ್ದು ದೊಣ್ಣೆ. ಸುಳ್ಳಿನ ಕೋಣೆಯಲ್ಲಿರುವವನು ದಿನಾ ಹನ್ನೊಂದನೇ ದಿನಕ್ಕಾಗಿ ಕಾಯ್ತಾ ಇರ್ತಾನೆ. ನಮ್ಮ ಹುಡುಗನ ಗೋಡೆ ಮೇಲೆ ಈಗ ಪಟ ಇಲ್ಲ. ಫೋನಿನಲ್ಲಿ ಜೈ ಭೀಮ್ ಅಂತ ನಾವು ಅಂದರೆ ಅವನು 'ಹ್ಞಾಂ ಹ್ಞಾಂ, ನಮಸ್ಕಾರ' ಅಂತಾನೆ, ಗೋಡೆ ತೆಳು. ಏಪ್ರಿಲ್ 14ಕ್ಕೆ ಹೊರಗೆ ಹೋಗುವಾಗ 'ಎಲ್ಲಿಗಪ್ಪಾ?' ಅಂದರೆ ಲೈಬ್ರರಿಗೆ ಅನ್ನಬೇಕು. ಅವನ ಅವ್ವ ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟ ಒಣಮೀನು ಇನ್ನೂ ಸೂಟ್‌ಕೇಸಿನ ತಳದಲ್ಲಿದೆ. ಬಿಚ್ಚಿದರೆ ವಾಸನೆ ಹೇಳಿಬಿಡುತ್ತೆ. ಇದನ್ನು 'ಏನಾಯ್ತೀಗ' ಅನ್ನೋದು ಹೇಗೆ?

ಕಾನೂನಿಗೆ ಹೋಗಬಾರದೇ ಅಂತ ಕೇಳಬಹುದು. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನೂ ಸೇರಿಸಬೇಕು ಅಂತ 2013ರಲ್ಲಿ ಪಾರ್ಲಿಮೆಂಟು ಸರ್ಕಾರಕ್ಕೆ ಕಟ್ಟುಪಾಡು ಹಾಕಿತು. ಅಲ್ಲಿನ ನಮ್ಮ ಜನ ವರ್ಷಗಟ್ಟಲೆ ಹೋರಾಡಿ ತಂದದ್ದು ಅದು. ಅಲ್ಲಿನ ಹಿಂದೂ ಸಂಘಟನೆಗಳು ಎದ್ದು ನಿಂತವು, ಬ್ರಿಟನ್ನಿನಲ್ಲಿ ಜಾತಿಯೇ ಇಲ್ಲ ಅಂತ. ಸರ್ಕಾರ ಐದು ವರ್ಷ ಎಳೆದು, 2018ರಲ್ಲಿ ಸೇರಿಸೋದಿಲ್ಲ, ಕೋರ್ಟಿನ ತೀರ್ಪುಗಳೇ ಸಾಕು ಅಂದಿತು. ಯಾವ ತೀರ್ಪು? ಬಿಹಾರದಿಂದ ಕರೆದುಕೊಂಡು ಹೋಗಿ ಮನೆಗೆಲಸಕ್ಕಿಟ್ಟ ಒಬ್ಬ ಆದಿವಾಸಿ ಹೆಣ್ಣುಮಗಳ ಪ್ರಕರಣ. ದಿನಕ್ಕೆ 18 ಗಂಟೆ ದುಡಿಮೆ, ಗಂಟೆಗೆ 11 ಪೆನ್ಸ್ ಕೂಲಿ, ನೆಲದ ಮೇಲೆ ಹಾಸಿಗೆ. ಜಾತಿಯ ದೂರು ಕೆಲವು ಸಲ 'ಜನಾಂಗ ಮೂಲ' ಅನ್ನೋದರ ಒಳಗೆ ಬರಬಹುದು ಅಂತ 2014ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. 2015ರಲ್ಲಿ ಆಕೆಗೆ 1 ಲಕ್ಷ 83 ಸಾವಿರ ಪೌಂಡಿಗೂ ಹೆಚ್ಚು ಕೊಡಬೇಕೆಂದು ತೀರ್ಪಾಯಿತು. ಆಕೆಯ ಗಟ್ಟಿತನಕ್ಕೆ ನಮ್ಮ ನಮಸ್ಕಾರ. ಆದರೆ 'ಬೆಳಿಗ್ಗೇನೇ ಕೋಣೆ ಹೋಯ್ತು' ಅನ್ನುವ ಆಯಮ್ಮನ ಮೇಲೆ ಸಾಕ್ಷಿ ಎಲ್ಲಿಂದ ತರೋದು? ಮನೆಯವರೊಂದಿಗೇ ಇರುವ ಬಾಡಿಗೆದಾರನಿಗೆ ಕಾಯ್ದೆಗಳ ರಕ್ಷಣೆ ಬಹಳ ಕಡಿಮೆ. ಹೊಸ ಕಾಯ್ದೆಯೂ ಅವನಿಗೆ ಅನ್ವಯಿಸೋದಿಲ್ಲ. ನಮ್ಮ ಹುಡುಗರಿಗೆ ಸುಲಭವಾಗಿ ಸಿಗೋದು ಅದೇ ಕೋಣೆ.

ಹಾಗಾದರೆ ಬೇರೆಯವರು ಏನು ಮಾಡಿದರು ನೋಡೋಣ. 1948ರ ಜೂನಿನಲ್ಲಿ ವಿಂಡ್‌ರಷ್ ಹಡಗಿನಲ್ಲಿ ವೆಸ್ಟ್ ಇಂಡೀಸಿನ ಕರಿಯರು ಬಂದಿಳಿದಾಗ, ಜಾಗ ಇಲ್ಲದ ಇನ್ನೂರಕ್ಕೂ ಹೆಚ್ಚು ಜನರನ್ನು ಕ್ಲಾಪಮ್‌ನಲ್ಲಿ ಯುದ್ಧಕಾಲದ ನೆಲದಾಳದ ಬಂಕರಿನಲ್ಲಿ ಮಲಗಿಸಿದರು. ಹತ್ತಿರದ ಕೆಲಸ ಕೊಡುವ ಕಚೇರಿ ಬ್ರಿಕ್ಸ್‌ಟನ್ನಿನಲ್ಲಿತ್ತು, ಅದಕ್ಕೇ ಬ್ರಿಕ್ಸ್‌ಟನ್ ಅವರ ಕೇರಿಯಾಯಿತು. ಕೋಣೆಗಳ ಜಾಹೀರಾತಿನಲ್ಲಿ 'ಕರಿಯರು ಬೇಡ' ಅಂತ ರಾಜಾರೋಷವಾಗಿ ಬರೆಯುತ್ತಿದ್ದರು. 1965ರ ಜನಾಂಗ ಕಾಯ್ದೆ ಮನೆ ಬಾಡಿಗೆಯನ್ನು ಮುಟ್ಟಲೇ ಇಲ್ಲ, 1968ರಲ್ಲಿ ಮುಟ್ಟಿತು. ಬೇರೆಲ್ಲೂ ಜಾಗ ಸಿಗದ ಜನ ಎಷ್ಟು ಕೇಳಿದರೂ ಕೊಡ್ತಾರೆ ಅಂತ ಅರಿತ ರಾಕ್‌ಮನ್ ಎಂಬ ಮಾಲೀಕ ನಾಟಿಂಗ್ ಹಿಲ್‌ನಲ್ಲಿ ಒಂದೊಂದು ಕೋಣೆಗೆ ಕುಟುಂಬಗಳನ್ನು ತುಂಬಿ ಸುಲಿದ. ಅವನ ಹೆಸರೇ ಇಂಗ್ಲಿಷ್ ನಿಘಂಟಿಗೆ ಸೇರಿದೆ, ಅಂಥ ಸುಲಿಗೆಗೆ. ಆಗ ಆ ಜನ ಏನು ಮಾಡಿದರು? ಚೀಟಿ ಹಾಕಿದರು! ನಮ್ಮ ಕೇರಿಯ ಹೆಂಗಸರು ಹಾಕೋ ಅದೇ ಚೀಟಿ. ಅವರು 'ಪಾರ್ಡ್ನರ್' ಅಂತಾರೆ. ವಾರವಾರ ಕೈಕಾಸು ಕೂಡಿಸಿ, ಒಬ್ಬೊಬ್ಬರು ಸರದಿ ಮೇಲೆ ಎತ್ತಿ, ಬ್ಯಾಂಕು ಕೊಡದ ಸಾಲವನ್ನು ತಾವೇ ಕೊಟ್ಟುಕೊಂಡು ಹಳೇ ಮನೆ ಕೊಂಡರು. ಒಂದು ಮನೆ ಬಂದರೆ ಹತ್ತು ಕೋಣೆ. ಹಡಗಿನಿಂದ ಇಳಿದ ಹೊಸಬರಿಗೆ ಬಾಗಿಲಾಯಿತು.

ಬಾಂಗ್ಲಾದ ಬಡ ಮುಸ್ಲಿಮರು ಇನ್ನೂ ಮುಂದೆ ಹೋದರು. 1970ರ ದಶಕದಲ್ಲಿ ಪೂರ್ವ ಲಂಡನ್ನಿನಲ್ಲಿ ಖಾಲಿ ಬಿದ್ದಿದ್ದ ಸರ್ಕಾರಿ ಮನೆಗಳ ಬೀಗ ಒಡೆದು ಒಳಗೆ ಹೋಗಿ ಕೂತರು. 1976ರಲ್ಲಿ ಸಂಘ ಕಟ್ಟಿದರು, ಅದರ ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ 'ಭಾಗ್' ಅಂತಾಗುತ್ತಿತ್ತು. ಬಂಗಾಳಿಯಲ್ಲಿ ಅದು ಪಾಲು ಅಂತಲೂ ಕೇಳುತ್ತೆ, ಹುಲಿ ಅಂತಲೂ ಕೇಳುತ್ತೆ. ನಮ್ಮವರೇ ಆದ ಫರ್ರುಖ್ ಧೋಂಡಿ, ಮಾಲಾ ಸೇನ್ ಅವರ ಜೊತೆ ನಿಂತಿದ್ದರು. 1978ರ ಮೇ 4ರಂದು ಅಲ್ತಾಬ್ ಅಲಿ ಎಂಬ ಯುವಕನನ್ನು ಜನಾಂಗದ್ವೇಷಿಗಳು ಬೀದಿಯಲ್ಲಿ ಕೊಂದರು. ಆದರೂ ಅವರು ಜಾಗ ಬಿಡಲಿಲ್ಲ. ಇವತ್ತು ಆ ಬೀದಿಯ ಪಾರ್ಕಿಗೆ ಆತನ ಹೆಸರೇ ಇದೆ.

ನಾವು ಬೀಗ ಒಡೆಯಿರಿ ಅಂತ ಹೇಳ್ತಿಲ್ಲ. ವೀಸಾ ಹೋದೀತು. ನಾವು ಹೇಳೋದು ಲೆಕ್ಕ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ, 2024-25ರ ನಿಯಮದ ಪ್ರಕಾರ, ಬ್ರಿಟನ್ನಿಗೆ ಹೋಗುವವನ ಖರ್ಚಿಗೆ ವರ್ಷಕ್ಕೆ 9,900 ಪೌಂಡ್. ತಿಂಗಳಿಗೆ 825. ಲಂಡನ್ನಿನಲ್ಲಿ ಓದುವ ಪರದೇಶಿ ವಿದ್ಯಾರ್ಥಿಗೆ ತಿಂಗಳಿಗೆ 1,529 ಪೌಂಡ್ ಬೇಕು ಅಂತ ಹೇಳೋದು ಅಲ್ಲಿನ ವೀಸಾ ಇಲಾಖೆಯೇ, 2025ರ ನವೆಂಬರಿನಿಂದ. ನಡುವಿನ 704 ಪೌಂಡ್ ಯಾರ ಅಪ್ಪ ಕೊಡಬೇಕು? ಈ ಅಂತರದಲ್ಲೇ 'ನಮ್ಮೋರೇ ತಾನೇ?' ಅನ್ನೋ ಮನೆ ಕುಳಿತಿರೋದು. ಲಂಡನ್ನಿಗೂ ಸಣ್ಣ ಊರಿಗೂ ಒಂದೇ ದರ ಇಡೋದನ್ನು ನಿಲ್ಲಿಸಿ, ಠೇವಣಿಗೆ ಬೇರೆ ಹಣ ಕೊಡಿ, ಆದೇಶವನ್ನು ಜೂನಿನೊಳಗೆ ಕೈಗಿಡಿ, ಜಾಮೀನನ್ನು ರಾಯಭಾರ ಕಚೇರಿ ನಿಲ್ಲಲಿ. ಈ ನಾಲ್ಕು ಬೇಡಿಕೆಯನ್ನು ಹಾಸ್ಟೆಲ್ಲಿನ ಅನ್ನ ಸಾರಿನ ಬೇಡಿಕೆಯ ಜೊತೆಗೇ ನಾವು ಎತ್ತಬೇಕು. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಗೂ ಇದೇ ಮಾತು.

ಸರ್ಕಾರ ಕೊಡೋವರೆಗೆ? ಇಲ್ಲಿ ನಮ್ಮವರ ಮೇಲೂ ಸಿಟ್ಟಿದೆ. ಇದೇ ಹಾಸ್ಟೆಲ್ಲುಗಳಲ್ಲಿ ಮುದ್ದೆ ತಿಂದು, ಇವತ್ತು ಅಲ್ಲಿ ಕೆಲಸದಲ್ಲಿರುವವರು ಇದ್ದಾರೆ. ಮನೆ ಕೊಂಡವರೂ ಇದ್ದಾರೆ. ಹುಡುಗ ಹೋಗುವ ಮುಂಚೆ ಇಬ್ಬರಿಗೆ ಬರೆದಿದ್ದ. ಒಬ್ಬರು ಉತ್ತರ ಕೊಡಲಿಲ್ಲ. ಇನ್ನೊಬ್ಬರು ಶುಭಾಶಯ ಕಳಿಸಿದರು. ಒಂದು ಜಾಮೀನಿನ ಸಹಿ, ಹತ್ತು ರಾತ್ರಿಗೆ ಒಂದು ಚಾಪೆ, ಇಷ್ಟೇ ಕೇಳಿದ್ದು. ಅವರೂ ಅಲ್ಲಿ ಹೆಸರು ಮುಚ್ಚಿಟ್ಟು ಬದುಕ್ತಿರಬಹುದು, ನಮ್ಮ ಹುಡುಗ ಬಂದರೆ ಅವರ ಗುಟ್ಟೂ ರಟ್ಟಾಗುತ್ತೆ ಅನ್ನೋ ಭಯವಿರಬಹುದು. ಅರ್ಥ ಆಗುತ್ತೆ. ಆದರೆ ಒಬ್ಬೊಬ್ಬರೇ ಬಚ್ಚಿಟ್ಟುಕೊಂಡರೆ ಎಲ್ಲರೂ ಬಚ್ಚಿಟ್ಟುಕೊಂಡೇ ಇರಬೇಕಾಗುತ್ತೆ.

ಅದಕ್ಕೆ ನಾವು ಶುರು ಮಾಡಿದ್ದೇವೆ. ಈ ಪತ್ರಿಕೆ ಮಾರಿ ಬಂದ ಕಾಸಲ್ಲ, ಬೇರೆಯೇ ಚೀಟಿ. ತಲೆಗೆ ತಿಂಗಳಿಗೆ ನೂರು ರೂಪಾಯಿ, ಕೆಲಸದಲ್ಲಿರುವವರಿಗೆ ಐನೂರು. ಎತ್ತುವ ಹಕ್ಕು ಹೊರಗೆ ಹೋಗುವ ಹುಡುಗ ಹುಡುಗಿಗೆ, ಠೇವಣಿಗೆ ಮಾತ್ರ. ಕೆಲಸ ಸಿಕ್ಕ ಮೇಲೆ ವಾಪಸ್ಸು ತುಂಬಬೇಕು. ಇನ್ನು ಹೋಗುವವರಿಗೆ ನಾಲ್ಕು ಮಾತು. ಕೆಲವು ವಿಶ್ವವಿದ್ಯಾಲಯಗಳು ತಾವೇ ಜಾಮೀನು ನಿಲ್ಲುತ್ತವೆ, ಸೀಟು ಒಪ್ಪಿಕೊಳ್ಳುವಾಗಲೇ ಬರೆದು ಕೇಳಿ. ಹಾಸ್ಟೆಲ್ ಅರ್ಜಿಯನ್ನು ಸ್ಕಾಲರ್‌ಶಿಪ್ ಆದೇಶಕ್ಕೆ ಕಾಯದೆ ಹಾಕಿ. ಕೋಣೆಯನ್ನು ಕಣ್ಣಾರೆ ನೋಡದೆ ಒಂದು ಪೌಂಡೂ ಕಳಿಸಬೇಡಿ, ಫೋಟೋ ತೋರಿಸಿ ದುಡ್ಡು ಹೊಡೆಯುವವರು ಅಲ್ಲೂ ಇದ್ದಾರೆ. ಐದು ಜನಕ್ಕಿಂತ ಕಡಿಮೆಯಿಲ್ಲದೆ ಬೇರೆ ಬೇರೆ ಕುಟುಂಬದವರು ಹಂಚಿಕೊಳ್ಳುವ ಮನೆಗೆ ಕೌನ್ಸಿಲ್ಲಿನ ಲೈಸೆನ್ಸ್ ಬೇಕು, ಅಂಥ ಮನೆಯಲ್ಲಿ ಒಬ್ಬ ಮಲಗುವ ಕೋಣೆ 6.51 ಚದರ ಮೀಟರಿಗಿಂತ ಚಿಕ್ಕದಿರಬಾರದು. ನಮ್ಮ ಅಳತೆಗೆ ಸುಮಾರು ಎಪ್ಪತ್ತು ಚದರಡಿ. ಟೇಪು ಹಿಡಿದು ಅಳೆಯಿರಿ, ನಾಚಿಕೆ ಬೇಡ.

ಹುಡುಗನಿಗೂ ಹೇಳಿದ್ದೇವೆ. ನೀನು ಹೌದು ಅಂದದ್ದಕ್ಕೆ ನಾವು ಬೈಯೋದಿಲ್ಲ, ತಪ್ಪು ನಿನ್ನದಲ್ಲ, ಪ್ರಶ್ನೆಯದು. ಆದರೆ ಮುಂದಿನ ಸೆಪ್ಟೆಂಬರಿಗೆ ನಮ್ಮ ಪಕ್ಕದ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಅದೇ ಊರಿಗೆ ಹೊರಟಿದ್ದಾಳೆ. ಅಷ್ಟರಲ್ಲಿ ಇನ್ನಿಬ್ಬರನ್ನು ಸೇರಿಸಿಕೊಂಡು ಬೇರೆ ಮನೆ ನೋಡು, ಠೇವಣಿಗೆ ಚೀಟಿ ಹಣ ಕಳಿಸ್ತೀವಿ. ಅವನು ಒಪ್ಪಿದ್ದಾನೆ. 'ಅಣ್ಣಾ, ಅಡುಗೆಮನೆ ಇರೋದನ್ನೇ ನೋಡ್ತೀನಿ' ಅಂದ.